ಆಯುರ್ವೇದ ಔಷಧಗಳ ಜಾಹೀರಾತು: ನಿಯಮ 170 ಹೋದ ಮೇಲೆ ತಪಾಸಣೆ ಯಾರದು?

2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಒಂದು ಹಳೆಯ ಪ್ರಕರಣಕ್ಕೆ ತೆರೆ ಎಳೆಯಿತು. ಪತಂಜಲಿ ಆಯುರ್ವೇದ ಸಂಸ್ಥೆಯ ಜಾಹೀರಾತುಗಳು ಜನರ ದಾರಿ ತಪ್ಪಿಸುತ್ತಿವೆ, ಆಧುನಿಕ ವೈದ್ಯಪದ್ಧತಿಯನ್ನು ಹೀಗಳೆಯುತ್ತಿವೆ ಎಂದು ಭಾರತೀಯ ವೈದ್ಯಕೀಯ ಸಂಘ 2022ರಲ್ಲಿ ಹೂಡಿದ್ದ ಅರ್ಜಿ ಅದು. ಕೋರಿದ್ದ ಪರಿಹಾರ ದೊರೆತಿದೆ, ಇನ್ನೂ ಅಹವಾಲು ಇದ್ದವರು ಹೈಕೋರ್ಟಿಗೆ ಹೋಗಬಹುದು ಎಂದು ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಕೆ.ವಿ. ವಿಶ್ವನಾಥನ್ ಅವರ ಪೀಠ ಹೇಳಿತು. ಇದರೊಂದಿಗೆ, ಜಾಹೀರಾತಿಗೆ ಮುಂಚಿತ ಒಪ್ಪಿಗೆ ಬೇಕೆನ್ನುತ್ತಿದ್ದ ನಿಯಮ 170ನ್ನು ಕೈಬಿಡುವ ಕೇಂದ್ರದ ಅಧಿಸೂಚನೆಗೆ ಇದ್ದ ತಡೆಯೂ ತೆರವಾಯಿತು.

ಈ ಸುದ್ದಿಯನ್ನು ಜನ ಒಬ್ಬೊಬ್ಬರು ಒಂದೊಂದು ರೀತಿ ಅರ್ಥ ಮಾಡಿಕೊಂಡರು. ಕಂಪನಿ ಗೆದ್ದಿತು ಎಂದರು ಕೆಲವರು. ಆಯುರ್ವೇದ ಔಷಧಕ್ಕೆ ಇನ್ನು ಏನು ಬೇಕಾದರೂ ಜಾಹೀರಾತು ಕೊಡಬಹುದು ಎಂದುಕೊಂಡರು ಹಲವರು. ಆ ಔಷಧಗಳು ಗುಣಪಡಿಸುತ್ತವೆ ಎಂದು ಕೋರ್ಟೇ ಒಪ್ಪಿದಂತಾಯಿತು ಎಂಬ ಮಾತೂ ಹರಿದಾಡಿತು. ಮೂರೂ ತಪ್ಪು. ಔಷಧ ಕೆಲಸ ಮಾಡುತ್ತದೆಯೇ ಎಂಬುದನ್ನು ಕೋರ್ಟ್ ತೀರ್ಮಾನಿಸಲೇ ಇಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ ಶಿಕ್ಷೆ ವಿಧಿಸುವ ಕಾಯ್ದೆಗಳೂ ಇದ್ದಲ್ಲೇ ಇವೆ. ಬದಲಾದದ್ದು ಒಂದೇ ಸಂಗತಿ: ಜಾಹೀರಾತು ರೋಗಿಯ ಕಣ್ಣಿಗೆ ಬೀಳುವ ಮುನ್ನ ಅದನ್ನು ಓದಿ ನೋಡಬೇಕಿದ್ದ ಅಧಿಕಾರಿಗೆ ಈಗ ಆ ಕೆಲಸವಿಲ್ಲ. ಕೇಳಲು ಸಣ್ಣದು. ಅದರ ಪರಿಣಾಮ ಸಣ್ಣದಲ್ಲ.

ನಿಯಮದಲ್ಲಿ ಇದ್ದುದೇನು

1945ರ ಔಷಧ ಮತ್ತು ಪ್ರಸಾಧನ ನಿಯಮಾವಳಿಗೆ ಕೇಂದ್ರ ಸರ್ಕಾರ 2018ರ ಡಿಸೆಂಬರ್‌ನಲ್ಲಿ ನಿಯಮ 170ನ್ನು ಸೇರಿಸಿತು. ಆಯುರ್ವೇದ, ಸಿದ್ಧ ಮತ್ತು ಯುನಾನಿ ಔಷಧ ತಯಾರಿಸುವವರು ರೋಗನಿದಾನ, ಚಿಕಿತ್ಸೆ ಅಥವಾ ರೋಗ ತಡೆಗೆಂದು ಜಾಹೀರಾತು ಕೊಡುವುದಿದ್ದರೆ ಮೊದಲು ತಮ್ಮ ರಾಜ್ಯದ ಪರವಾನಗಿ ಪ್ರಾಧಿಕಾರಕ್ಕೆ ಅರ್ಜಿ ಹಾಕಿ, ಆ ಜಾಹೀರಾತಿಗೆ ಒಂದು ಗುರುತಿನ ಸಂಖ್ಯೆ ಪಡೆಯಬೇಕಿತ್ತು. ಯಾವುದನ್ನು ತಿರಸ್ಕರಿಸಬೇಕು ಎಂಬುದೂ ನಿಯಮದಲ್ಲೇ ಇತ್ತು. ಅಶ್ಲೀಲವಾದದ್ದು, ಲೈಂಗಿಕ ಅಂಗಗಳ ಗಾತ್ರ ಹಿಗ್ಗಿಸುವ ಭರವಸೆ ಕೊಡುವುದು, ಖ್ಯಾತನಾಮರ ಅಥವಾ ಸರ್ಕಾರಿ ಅಧಿಕಾರಿಗಳ ಫೋಟೊ ಮತ್ತು ಪ್ರಶಂಸೆ ಬಳಸುವುದು, ಸುಳ್ಳು ಅಥವಾ ಉತ್ಪ್ರೇಕ್ಷೆಯ ಮಾತಾಡುವುದು, ಇವೆಲ್ಲ ಅದರಲ್ಲಿದ್ದವು.

ನಿಯಮ ಹುಟ್ಟಿದಾಗಿನಿಂದಲೇ ಜಗ್ಗಾಟ ಶುರುವಾಯಿತು. ತಯಾರಕರು ಹೈಕೋರ್ಟ್‌ಗಳ ಮೆಟ್ಟಿಲೇರಿದರು. 2023ರ ಮೇ ತಿಂಗಳಲ್ಲಿ ಈ ಔಷಧಗಳ ಕುರಿತು ಸರ್ಕಾರಕ್ಕೆ ಸಲಹೆ ಕೊಡುವ ತಾಂತ್ರಿಕ ಸಲಹಾ ಮಂಡಳಿ ನಿಯಮವನ್ನು ಕೈಬಿಡಲು ಶಿಫಾರಸು ಮಾಡಿತು. ಅದೇ ವರ್ಷ ಆಗಸ್ಟ್ 29ರಂದು ಆಯುಷ್ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದು, ನಿಯಮ 170ರ ಅಡಿ ಕ್ರಮ ಕೈಗೊಳ್ಳಬೇಡಿ ಎಂದಿತು. ನಿಯಮ ಪುಸ್ತಕದಲ್ಲಿ ಜೀವಂತವಾಗಿರುವಾಗಲೇ ಅದನ್ನು ಜಾರಿ ಮಾಡಬೇಡಿ ಎಂದು ಪತ್ರದ ಮೂಲಕ ಹೇಳುವುದು ಸರಿಯಾದ ದಾರಿಯಾಗಿರಲಿಲ್ಲ. ಪತಂಜಲಿ ಪ್ರಕರಣದ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ ಈ ಪತ್ರದ ಬಗ್ಗೆ ಸಚಿವಾಲಯವನ್ನು ಗಟ್ಟಿಯಾಗಿಯೇ ಪ್ರಶ್ನಿಸಿತು. ಆದರೂ 2024ರ ಜುಲೈ 1ರಂದು ನಿಯಮವನ್ನೇ ತೆಗೆದುಹಾಕುವ ಅಧಿಸೂಚನೆ ಹೊರಬಿತ್ತು. ಅದು ತನ್ನ ಮೇ 7ರ ಆದೇಶಕ್ಕೆ ವಿರುದ್ಧವಾಗಿದೆ ಎಂದು ಹೇಳಿ ಕೋರ್ಟ್ ಆಗಸ್ಟ್ 27ರಂದು ತಡೆ ನೀಡಿತು. ಒಂದು ವರ್ಷದ ನಂತರ ಪ್ರಕರಣವೇ ಮುಗಿದಾಗ ಆ ತಡೆಯೂ ಮುಗಿಯಿತು. ಕೇಂದ್ರವೇ ತೆಗೆದುಹಾಕಿದ ನಿಯಮವನ್ನು ರಾಜ್ಯಗಳು ಜಾರಿ ಮಾಡುವುದಾದರೂ ಹೇಗೆ ಎಂಬುದು ಪೀಠದ ಮುಂದಿದ್ದ ಪ್ರಶ್ನೆ. ಕಾನೂನಿನ ದೃಷ್ಟಿಯಿಂದ ಅದಕ್ಕೆ ಬೇರೆ ಉತ್ತರ ಸಿಗುವುದು ಕಷ್ಟ.

ಉಳಿದಿರುವ ಕಾಯ್ದೆ ಎಷ್ಟು ಗಟ್ಟಿ

ನಿಯಮ ಹೋದರೇನಂತೆ, 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಇದೆಯಲ್ಲ ಎಂಬುದು ನಿಯಮ ರದ್ದತಿಯನ್ನು ಬೆಂಬಲಿಸುವವರ ಮುಖ್ಯ ವಾದ. ವಾದದಲ್ಲಿ ಹುರುಳಿದೆ. ಈ ಕಾಯ್ದೆಯ ಅನುಸೂಚಿಯಲ್ಲಿ ಮಧುಮೇಹ, ಕ್ಯಾನ್ಸರ್, ಅಪಸ್ಮಾರ, ರಕ್ತದೊತ್ತಡ, ಹೃದ್ರೋಗ, ಸ್ಥೂಲಕಾಯ ಸೇರಿ 54 ರೋಗ ಮತ್ತು ಸ್ಥಿತಿಗಳಿವೆ. ಇವನ್ನು ವಾಸಿ ಮಾಡುತ್ತೇವೆ ಎಂದು ಯಾವ ಪದ್ಧತಿಯ ಔಷಧಕ್ಕೂ ಜಾಹೀರಾತು ಕೊಡುವಂತಿಲ್ಲ. ಔಷಧ ನಿಜವಾಗಿ ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ ಇಲ್ಲಿ ಬರುವುದೇ ಇಲ್ಲ. ಪಟ್ಟಿಯ ಹೊರಗಿನ ಕಾಯಿಲೆಗಳ ವಿಷಯದಲ್ಲಿ ಸುಳ್ಳು ಹೇಳುವುದನ್ನು ಇನ್ನೊಂದು ಕಲಂ ತಡೆಯುತ್ತದೆ.

ಈ ಕಾಯ್ದೆಯನ್ನು ಹಮ್‌ದರ್ದ್ ದವಾಖಾನಾ ಸಂಸ್ಥೆ ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ 1959ರ ಡಿಸೆಂಬರ್‌ನಲ್ಲಿ ಕೊಟ್ಟ ತೀರ್ಪನ್ನು ಇಂದು ಓದಿದರೆ ಮೊನ್ನೆ ಬರೆದಂತಿದೆ. ಕೆಲವು ಭಾಗಗಳನ್ನು ಕೋರ್ಟ್ ತೆಗೆದುಹಾಕಿತು, ಆದರೆ ಕಾಯ್ದೆಯ ತಿರುಳನ್ನು ಉಳಿಸಿತು. ಜನ ಜಾಹೀರಾತು ನೋಡಿ ತಮಗೆ ತಾವೇ ಔಷಧ ಮಾಡಿಕೊಳ್ಳುವುದನ್ನು ತಡೆಯುವುದು ಕಾಯ್ದೆಯ ಉದ್ದೇಶ, ಇಂಥ ವ್ಯಾಪಾರಿ ಜಾಹೀರಾತು ವಾಕ್ ಸ್ವಾತಂತ್ರ್ಯದ ರಕ್ಷಣೆಯೊಳಗೆ ಬರುವುದಿಲ್ಲ ಎಂದಿತು. ವಾಣಿಜ್ಯ ಮಾತಿಗೂ ಸಂವಿಧಾನದ ರಕ್ಷಣೆ ಉಂಟು ಎಂಬ ನಿಲುವು ನ್ಯಾಯಾಲಯದಿಂದ 1995ರಲ್ಲಿ ಬಂತಾದರೂ, ದಾರಿ ತಪ್ಪಿಸುವ ಮಾತಿಗೆ ಆ ರಕ್ಷಣೆ ಸಿಕ್ಕಿಲ್ಲ.

ತೊಂದರೆ ಇರುವುದು ಕಾಯ್ದೆಯ ವಯಸ್ಸಿನಲ್ಲಿ ಮತ್ತು ಅದರ ಹಲ್ಲುಗಳಲ್ಲಿ. ಜಾಹೀರಾತು ಎಂದರೆ ಏನೆಂದು ಹೇಳುವಾಗ ಅದು ಕರಪತ್ರ, ಲೇಬಲ್, ಹೊದಿಕೆ, ಬಾಯಿಮಾತಿನ ಘೋಷಣೆ, ಕೊನೆಗೆ ಬೆಳಕು, ಶಬ್ದ ಅಥವಾ ಹೊಗೆಯಿಂದ ಮಾಡುವ ಘೋಷಣೆಯನ್ನೂ ಹೆಸರಿಸುತ್ತದೆ. ಮೊಬೈಲ್ ಪರದೆಯನ್ನು ಬೆಳಕು ಮತ್ತು ಶಬ್ದದ ಅಡಿ ತರಬಹುದು, ನಿಜ. ಆದರೆ ಅರ್ಧ ನಿಮಿಷದ ವಿಡಿಯೊದಲ್ಲಿ ತನ್ನ ಸಕ್ಕರೆ ಕಾಯಿಲೆ ವಾಸಿಯಾಯಿತೆಂದು ಹೇಳುವವನು ಹಣ ಪಡೆದು ಹೇಳುತ್ತಿದ್ದಾನೋ ಇಲ್ಲವೋ ಎಂಬುದನ್ನು ಆ ವ್ಯಾಖ್ಯೆಯಿಂದ ಹಿಡಿಯುವುದು ಸುಲಭವಲ್ಲ. ಶಿಕ್ಷೆಯೂ ಹಗುರ: ಮೊದಲ ಬಾರಿಗೆ ಗರಿಷ್ಠ ಆರು ತಿಂಗಳ ಸಜೆ ಅಥವಾ ದಂಡ ಅಥವಾ ಎರಡೂ, ಮತ್ತೆ ಮಾಡಿದರೆ ಒಂದು ವರ್ಷ. ಶಿಕ್ಷೆ ಒಂದು ವರ್ಷ ಮೀರದ ಅಪರಾಧಕ್ಕೆ ಕ್ರಿಮಿನಲ್ ಕಾನೂನಿನಲ್ಲಿ ಒಂದು ವರ್ಷದ ಕಾಲಮಿತಿ ಇದೆ. ದೂರು ಬಂದು, ಅಧಿಕಾರಿ ಪತ್ರ ಬರೆದು, ಕಂಪನಿ ಉತ್ತರಿಸಿ, ಕಡತ ಇನ್ನೊಂದು ರಾಜ್ಯಕ್ಕೆ ಹೋಗಿ ಬರುವಷ್ಟರಲ್ಲಿ ಆ ವರ್ಷ ಕಳೆದುಹೋಗುತ್ತದೆ. 2020ರ ಫೆಬ್ರುವರಿಯಲ್ಲಿ ಕೇಂದ್ರ ಪ್ರಕಟಿಸಿದ ತಿದ್ದುಪಡಿ ಕರಡು ಪಟ್ಟಿಯನ್ನು 78ಕ್ಕೆ ಏರಿಸಿ, ಚರ್ಮ ಬಿಳುಪು ಮಾಡುವ ಭರವಸೆಯನ್ನೂ ಅದರಲ್ಲಿ ಸೇರಿಸಿ, ಮೊದಲ ಅಪರಾಧಕ್ಕೇ 10 ಲಕ್ಷ ರೂಪಾಯಿ ದಂಡ ಮತ್ತು ಎರಡು ವರ್ಷದವರೆಗೆ ಸಜೆ ಪ್ರಸ್ತಾಪಿಸಿತ್ತು. ಅದು ಕರಡಾಗಿಯೇ ನಿಂತಿದೆ.

ಇದಲ್ಲದೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಆದರೆ ಈ ಎಲ್ಲ ಬಾಗಿಲುಗಳೂ ತೆರೆಯುವುದು ಜಾಹೀರಾತು ಜನರನ್ನು ತಲುಪಿದ ಮೇಲೆ.

ಪರವಾನಗಿ ಏನನ್ನು ಹೇಳುತ್ತದೆ

ಆಯುರ್ವೇದ ಔಷಧದ ಒಂದು ಡಬ್ಬಿಯನ್ನು ಕೈಗೆತ್ತಿಕೊಂಡು ಲೇಬಲ್ ಓದಿ ನೋಡಿ. ಆಯುರ್ವೇದ ಔಷಧ ಎಂಬ ಪದ, ತಯಾರಕರ ಹೆಸರು ಮತ್ತು ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ದಿನ, ಘಟಕಗಳ ಪಟ್ಟಿ ಮತ್ತು ಪ್ರಮಾಣ ಇರಬೇಕು. ಕಾನೂನಿನ ಇ(1) ಅನುಸೂಚಿಯಲ್ಲಿರುವ ವಿಷದ್ರವ್ಯಗಳಿಂದ, ಅಂದರೆ ಪಾದರಸ, ಪಾಷಾಣ, ವತ್ಸನಾಭಿಯಂಥವುಗಳಿಂದ ಮಾಡಿದ ಸೇವನೆಯ ಔಷಧವಾದರೆ, ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ತೆಗೆದುಕೊಳ್ಳಬೇಕು ಎಂಬ ಎಚ್ಚರಿಕೆಯೂ ಇರಬೇಕು. ಶಾಸ್ತ್ರೀಯ ಔಷಧದ ಸೂತ್ರ ಚರಕ ಸಂಹಿತೆ, ಶಾರ್ಙ್ಗಧರ ಸಂಹಿತೆ, ಭೈಷಜ್ಯ ರತ್ನಾವಳಿಯಂಥ, ಕಾನೂನೇ ಪಟ್ಟಿ ಮಾಡಿದ ಗ್ರಂಥವೊಂದರಿಂದ ಬಂದಿರುತ್ತದೆ. ಗ್ರಂಥದಲ್ಲಿರುವ ದ್ರವ್ಯಗಳನ್ನೇ ಕಂಪನಿ ತನ್ನದೇ ಲೆಕ್ಕದಲ್ಲಿ ಬೆರೆಸಿ ತನ್ನದೇ ಹೆಸರಿಟ್ಟರೆ ಅದು ಪೇಟೆಂಟ್ ಅಥವಾ ಪ್ರೊಪ್ರೈಟರಿ ಔಷಧ. ಟಿವಿಯಲ್ಲಿ, ಮೊಬೈಲಿನಲ್ಲಿ ಕಾಣುವ ಬಣ್ಣಬಣ್ಣದ ಹೆಸರುಗಳು ಬಹುಪಾಲು ಈ ಎರಡನೆಯ ಗುಂಪಿನವು.

ಗೊಂದಲ ಹುಟ್ಟುವುದು ಇಲ್ಲಿ. ಗ್ರಂಥದ ಸೂತ್ರವನ್ನೇ, ಗ್ರಂಥ ಹೇಳಿದ ಕಾಯಿಲೆಗೇ ತಯಾರಿಸುವುದಾದರೆ ಪರವಾನಗಿ ಪಡೆಯಲು ಸುರಕ್ಷತೆಯ ಅಥವಾ ಪರಿಣಾಮದ ಹೊಸ ಅಧ್ಯಯನ ಬೇಕಿಲ್ಲ. ಪ್ರೊಪ್ರೈಟರಿ ಔಷಧಕ್ಕೆ ನಿಯಮ 158-ಬಿ ಪ್ರಕಟಿತ ಬರಹಗಳ ಆಧಾರ ಮತ್ತು ಒಂದು ಸಣ್ಣ ಪ್ರಾಯೋಗಿಕ ಅಧ್ಯಯನ ಕೇಳುತ್ತದೆ. ಹೊಸ ಅಲೋಪಥಿ ಔಷಧ ದಾಟಬೇಕಾದ ಮೂರು ಹಂತಗಳ ಪರೀಕ್ಷೆ ಇಲ್ಲಿ ಕಡ್ಡಾಯವಲ್ಲ. ಹೀಗಾಗಿ ಡಬ್ಬಿಯ ಮೇಲಿನ ಸಂಖ್ಯೆ ಹೇಳುವುದು ಇಷ್ಟು: ಈ ಕಾರ್ಖಾನೆಗೆ ಈ ವಸ್ತುವನ್ನು ತಯಾರಿಸುವ ಅನುಮತಿ ಇದೆ. ಜಾಹೀರಾತಿನಲ್ಲಿರುವ ಮಾತು ನಿಜವೆಂದು ಆ ಸಂಖ್ಯೆ ಹೇಳುವುದಿಲ್ಲ.

2020ರ ಜೂನ್‌ನಲ್ಲಿ ಪತಂಜಲಿಯ ಕೊರೊನಿಲ್ ಕೋವಿಡ್ ಔಷಧವೆಂಬ ಘೋಷಣೆಯೊಂದಿಗೆ ಬಿಡುಗಡೆಯಾದಾಗ ಈ ಅಂತರ ಎಲ್ಲರಿಗೂ ಕಂಡಿತು. ರೋಗನಿರೋಧಕ ಶಕ್ತಿ ಹೆಚ್ಚಿಸುವ ಮತ್ತು ಕೆಮ್ಮು, ಜ್ವರದ ಔಷಧಗಳಿಗೆಂದು ಪರವಾನಗಿ ಕೊಟ್ಟಿದ್ದೆವು, ಅರ್ಜಿಯಲ್ಲಿ ಕೊರೊನಾ ವಿಷಯವೇ ಇರಲಿಲ್ಲ ಎಂದು ಉತ್ತರಾಖಂಡದ ಪರವಾನಗಿ ಪ್ರಾಧಿಕಾರ ಹೇಳಿತು. ಅಷ್ಟರಲ್ಲಿ ಘೋಷಣೆ ದೇಶದ ಮನೆಮನೆ ತಲುಪಿತ್ತು. ಜಾಹೀರಾತು ನಿಲ್ಲಿಸಿ ಎಂದು ಆಯುಷ್ ಸಚಿವಾಲಯವೇ ಸೂಚಿಸಬೇಕಾಯಿತು.

ವೈದ್ಯರನ್ನು ಬದಿಗೆ ಸರಿಸುವ ಜಾಹೀರಾತು

ಇಡೀ ಚರ್ಚೆ ಆಯುರ್ವೇದ ವಿರುದ್ಧ ಅಲೋಪಥಿ ಎಂಬ ಜಗಳವಾಗಿ ಬದಲಾಗಿರುವುದು ನನ್ನ ಮಟ್ಟಿಗೆ ದೊಡ್ಡ ನಷ್ಟ. ಏಕೆಂದರೆ ಅತಿರೇಕದ ಜಾಹೀರಾತು ಮೊದಲು ಹೊಡೆಯುವುದು ಆಯುರ್ವೇದವನ್ನೇ. ಆ ಶಾಸ್ತ್ರದ ಪ್ರಕಾರ ಔಷಧ ರೋಗಕ್ಕಷ್ಟೇ ಅಲ್ಲ, ರೋಗಿಗೆ. ದೇಹಪ್ರಕೃತಿ, ವಯಸ್ಸು, ಅಗ್ನಿ ಅಂದರೆ ಜೀರ್ಣಶಕ್ತಿ, ಋತು ನೋಡಿ ವೈದ್ಯರು ದ್ರವ್ಯ ಮತ್ತು ಪ್ರಮಾಣ ನಿರ್ಧರಿಸುತ್ತಾರೆ, ಔಷಧವನ್ನು ಯಾವುದರ ಜೊತೆ ಸೇವಿಸಬೇಕೆಂಬ ಅನುಪಾನ ಹೇಳುತ್ತಾರೆ, ಪಥ್ಯ ಹೇಳುತ್ತಾರೆ, ಕೆಲವರಿಗೆ ಬೇಡ ಎನ್ನುತ್ತಾರೆ. ಎಲ್ಲರಿಗೂ ಒಂದೇ ಗುಳಿಗೆ, ಇಂದೇ ಆರ್ಡರ್ ಮಾಡಿ ಎನ್ನುವ ಜಾಹೀರಾತಿನಲ್ಲಿ ಈ ಯಾವ ವಿವೇಚನೆಗೂ ಜಾಗವಿಲ್ಲ. ಶಾಸ್ತ್ರದ ಹೆಸರು ಉಳಿಯಿತು, ಶಾಸ್ತ್ರ ಇಟ್ಟಿದ್ದ ಕಾವಲು ಹೋಯಿತು.

ಅಮೃತಬಳ್ಳಿಯ ಉದಾಹರಣೆ ನೋಡಿ. ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ಅದರ ರಸ, ಮಾತ್ರೆ, ಕಷಾಯವನ್ನು ಕಾಯಿಲೆಯಿಲ್ಲದವರೂ ತಿಂಗಳುಗಟ್ಟಲೆ ಕುಡಿದರು. ಬಳಿಕ ಯಕೃತ್ತಿಗೆ ಹಾನಿಯಾದ ವರದಿಗಳು ಮುಂಬೈಯಿಂದ ಬಂದವು. 2022ರಲ್ಲಿ ದೇಶದ 13 ಕೇಂದ್ರಗಳ ವೈದ್ಯರು ಇಂಥ 43 ರೋಗಿಗಳ ವಿವರ ಪ್ರಕಟಿಸಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿಯನ್ನೇ ಹೋಲುವ ಬೇರೊಂದು ಬಳ್ಳಿ ಬೆರೆತಿರಬಹುದು, ಗಿಡವನ್ನು ಸರಿಯಾಗಿ ಗುರುತಿಸದೆ ದೂರಬಾರದು ಎಂದಿತು. ಗಿಡ ಬದಲಾಗಿರುವ ಸಾಧ್ಯತೆಯನ್ನು ತಳ್ಳಿಹಾಕಬೇಕಿಲ್ಲ. ಆದರೆ ರೋಗಿಯ ಪಾಲಿಗೆ ಎರಡರಲ್ಲಿ ಯಾವುದು ನಿಜವಾದರೂ ಪಾಠ ಒಂದೇ. ಬಳ್ಳಿಯೇ ಕಾರಣವಾಗಿದ್ದರೆ, ಯಾರು ಸೇವಿಸಬಾರದು ಎಂದು ಹೇಳುವವರು ಬೇಕಿತ್ತು. ಬಳ್ಳಿ ಬದಲಾಗಿದ್ದರೆ, ಅದನ್ನು ಗುರುತಿಸಬಲ್ಲವರು ಬೇಕಿತ್ತು.

ಲೋಹಗಳ ವಿಷಯವೂ ಇದೇ ಜಾಡಿನದು. ಅಂತರ್ಜಾಲದಲ್ಲಿ ಮಾರಾಟವಾಗುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಸುಮಾರು ಶೇ 21ರಷ್ಟರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ರಸೌಷಧಿಗಳಲ್ಲಿ ಶೋಧಿಸಿದ ಲೋಹ ಬಳಸುವುದು ಶಾಸ್ತ್ರಸಮ್ಮತವೇ ಎಂಬುದು ಆಯುರ್ವೇದದ ಪರ ಇರುವ ಉತ್ತರ. ಹಾಗಿದ್ದರೆ ಲೇಬಲ್ ಮೇಲಿನ ವೈದ್ಯರ ಮೇಲ್ವಿಚಾರಣೆಯ ಎಚ್ಚರಿಕೆಗೆ ಇನ್ನಷ್ಟು ತೂಕ ಬರಬೇಕು. ಗರ್ಭಿಣಿಯೋ ಮೂತ್ರಪಿಂಡದ ರೋಗಿಯೋ ಒಂದು ಕ್ಲಿಕ್‌ನಲ್ಲಿ ತರಿಸಿಕೊಳ್ಳುವಂತೆ ಅದು ಮಾರಾಟವಾಗಬಾರದು.

ಎಲ್ಲಕ್ಕಿಂತ ದೊಡ್ಡ ಅಪಾಯ ಡಬ್ಬಿಯೊಳಗೆ ಇರುವುದಿಲ್ಲ. ಮಧುಮೇಹ ಬುಡಸಮೇತ ಹೋಗುತ್ತದೆ ಎಂಬ ಮಾತು ನಂಬಿ ಇನ್ಸುಲಿನ್ ನಿಲ್ಲಿಸಿದವರಿಗೆ ಹಾನಿ ಮಾಡುವುದು ಆ ಗುಳಿಗೆಯಲ್ಲ, ನಿಲ್ಲಿಸಿದ ಇನ್ಸುಲಿನ್. ಗುಳಿಗೆ ಬರೀ ಹಿಟ್ಟಿನದಾಗಿದ್ದರೂ ಆ ಮನುಷ್ಯ ಐಸಿಯು ಸೇರಬಹುದು. ಮೊದಲ ಹಂತದಲ್ಲೇ ಶಸ್ತ್ರಚಿಕಿತ್ಸೆಯಿಂದ ವಾಸಿಯಾಗಬಹುದಾಗಿದ್ದ ಕ್ಯಾನ್ಸರ್ ಇಂಥ ಭರವಸೆಯ ಬೆನ್ನುಹತ್ತಿದ ತಿಂಗಳುಗಳಲ್ಲಿ ಕೈಮೀರಿ ಹೋಗುತ್ತದೆ. ಈ ಹಾನಿ ಯಾವ ಔಷಧದ ಅಡ್ಡಪರಿಣಾಮದ ಲೆಕ್ಕಕ್ಕೂ ಸೇರುವುದಿಲ್ಲ.

ಪರ ಮತ್ತು ವಿರೋಧ

ತಯಾರಕರ ಅಹವಾಲನ್ನು ನ್ಯಾಯವಾಗಿ ಕೇಳಬೇಕು. ಒಂದೇ ಜಾಹೀರಾತು ದೇಶದ ತುಂಬ ಪ್ರಸಾರವಾಗುವಾಗ ರಾಜ್ಯ ಪ್ರಾಧಿಕಾರಗಳು ಒಂದೊಂದು ಅಳತೆ ಇಟ್ಟುಕೊಳ್ಳಬಹುದು. ಸಿಬ್ಬಂದಿ ಕೊರತೆಯ ಕಚೇರಿಯಲ್ಲಿ ಅರ್ಜಿ ಕೊಳೆಯಬಹುದು. ದೊಡ್ಡ ಕಂಪನಿ ವಕೀಲರನ್ನಿಟ್ಟು ಕೆಲಸ ಮಾಡಿಸಿಕೊಂಡೀತು, ಚ್ಯವನಪ್ರಾಶ ಮಾಡುವ ಸಣ್ಣ ಕಾರ್ಖಾನೆಗೆ ಅದು ಕಷ್ಟ. ಈ ಮಾತುಗಳು ಸುಳ್ಳಲ್ಲ. ಆದರೆ ಇವೆಲ್ಲ ನಿಯಮವನ್ನು ಸರಿಪಡಿಸಲು ಕಾರಣಗಳು. ಕಾಲಮಿತಿ ಇಟ್ಟು, ಎಲ್ಲ ರಾಜ್ಯಗಳಿಗೂ ಒಂದೇ ಮಾನದಂಡ ಕೊಟ್ಟು ಆನ್‌ಲೈನ್ ವ್ಯವಸ್ಥೆ ಮಾಡಬಹುದಿತ್ತು.

ಆಯುರ್ವೇದವನ್ನು ಮಾತ್ರ ಏಕೆ ಗುರಿ ಮಾಡುತ್ತೀರಿ ಎಂಬ ಇನ್ನೊಂದು ಪ್ರಶ್ನೆಯಿದೆ. ಆಧುನಿಕ ಔಷಧಗಳಲ್ಲಿ ವೈದ್ಯರ ಚೀಟಿ ಬೇಕಾದವುಗಳಿಗೆ ಕೇಂದ್ರದ ಮುಂಗಡ ಒಪ್ಪಿಗೆಯಿಲ್ಲದೆ ಜಾಹೀರಾತು ಕೊಡುವಂತೆಯೇ ಇಲ್ಲ. ಅಂದರೆ ನಿಯಮ 170 ಆಯುರ್ವೇದಕ್ಕೆ ಹೊಸದಾಗಿ ಹೊರಿಸಿದ ವಿಶೇಷ ಹೊರೆಯಾಗಿರಲಿಲ್ಲ. ಅದು ಹೋದ ಮೇಲೆ ಅಂತರ ಹಿಗ್ಗಿತು ಎನ್ನುವುದೇ ಸರಿ. ಅಲೋಪಥಿಯ ಕಡೆಯೂ ಎಲ್ಲ ಚೊಕ್ಕವಾಗಿದೆ ಎಂದಲ್ಲ. ಅನಗತ್ಯ ದುಬಾರಿ ಔಷಧ ಬರೆಯುವ ವೈದ್ಯರ ಬಗ್ಗೆ ನಿಮ್ಮ ಮನೆಯನ್ನೂ ಸರಿಮಾಡಿಕೊಳ್ಳಿ ಎಂದು ಸುಪ್ರೀಂ ಕೋರ್ಟ್ ಇದೇ ಪ್ರಕರಣದಲ್ಲಿ ವೈದ್ಯಕೀಯ ಸಂಘಕ್ಕೆ ಹೇಳಿತ್ತು.

ವೈಯಕ್ತಿಕ ಚಿಕಿತ್ಸೆಯನ್ನು ಆಧುನಿಕ ಪರೀಕ್ಷೆಯಿಂದ ಅಳೆಯಲಾಗದು ಎಂಬ ಮಾತನ್ನು ಮಾತ್ರ ಒಪ್ಪಲಾಗದು. ಸಂಧಿವಾತದ 43 ರೋಗಿಗಳ ಮೇಲೆ ಕೊಯಮತ್ತೂರಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಯುರ್ವೇದ ವೈದ್ಯರು ತಮ್ಮ ಪದ್ಧತಿಯಂತೆಯೇ ರೋಗಿ ನೋಡಿ ಔಷಧ ಕೊಟ್ಟರು. ಯಾರಿಗೆ ಆಯುರ್ವೇದ ಔಷಧ, ಯಾರಿಗೆ ಅಲೋಪಥಿಯ ಔಷಧವಾದ ಮೆಥೊಟ್ರೆಕ್ಸೇಟ್, ಯಾರಿಗೆ ಎರಡೂ ಎಂಬುದು ರೋಗಿಗೂ ವೈದ್ಯರಿಗೂ ತಿಳಿಯದಂತೆ ಹುಸಿಗುಳಿಗೆ ಬಳಸಲಾಯಿತು. 36 ವಾರಗಳ ನಂತರ ಮೂರು ಗುಂಪುಗಳಲ್ಲೂ ಫಲ ಹೆಚ್ಚುಕಡಿಮೆ ಒಂದೇ ಆಗಿತ್ತು. ಅಧ್ಯಯನ ಚಿಕ್ಕದು, ಅದರಿಂದ ಕೊನೆಯ ಮಾತು ಹೇಳಲಾಗದು. ಆದರೆ ಇಂಥ ಪರೀಕ್ಷೆ ಸಾಧ್ಯ ಎಂಬುದನ್ನು ಆಯುರ್ವೇದ ವೈದ್ಯರೇ ತೋರಿಸಿದರು. ಜಾಹೀರಾತಿಗೆ ಸುರಿಯುವ ಹಣದಲ್ಲಿ ಒಂದು ಪಾಲು ಇಂಥ ಕೆಲಸಕ್ಕೆ ಹೋದರೆ ಆ ಪದ್ಧತಿಗೆ ಸಿಗುವ ಗೌರವವೇ ಬೇರೆ.

ಮುಂದೆ ಏನಾಗಬಹುದು

ಮೊದಲ ಪರಿಣಾಮ ಮಾರುಕಟ್ಟೆಯಲ್ಲಿ. ಮುಂಚಿತ ತಪಾಸಣೆ ಇಲ್ಲದಾಗ ಸಂಯಮದಿಂದ ಮಾತಾಡುವ ತಯಾರಕರಿಗಿಂತ ದೊಡ್ಡ ಗಂಟಲಿನವರಿಗೆ ಅನುಕೂಲ. ಎಂದೋ ಬರಬಹುದಾದ ದಂಡವನ್ನು ವ್ಯಾಪಾರದ ಖರ್ಚಿನಲ್ಲಿ ಬರೆದುಕೊಂಡರೆ ಆಯಿತು ಎಂಬ ಲೆಕ್ಕಾಚಾರ ಬೆಳೆಯುತ್ತದೆ.

ಎರಡನೆಯದಾಗಿ, ಭಾರ ರಾಜ್ಯಗಳ ಮೇಲೆ ಬೀಳುತ್ತದೆ, ಮತ್ತು ರಾಜ್ಯಗಳ ದಾಖಲೆ ಒಂದೇ ಸಮನಾಗಿಲ್ಲ. ಉತ್ತರಾಖಂಡದ ಪ್ರಾಧಿಕಾರ 2024ರ ಏಪ್ರಿಲ್‌ನಲ್ಲಿ ಪತಂಜಲಿಯ ಸಮೂಹದ 14 ಉತ್ಪನ್ನಗಳ ಪರವಾನಗಿ ಅಮಾನತು ಮಾಡಿತು, ಮರು ತಿಂಗಳೇ ಆ ಆದೇಶವನ್ನು ರಾಜ್ಯ ಸರ್ಕಾರ ತಡೆಹಿಡಿಯಿತು. ಅದೇ ವರ್ಷ ಕೇರಳದ ಔಷಧ ನಿಯಂತ್ರಣ ಇಲಾಖೆ ತನ್ನ ನೆಲದಲ್ಲಿ ಪ್ರಕಟವಾದ ಜಾಹೀರಾತುಗಳಿಗಾಗಿ 1954ರ ಕಾಯ್ದೆಯಡಿ ಮೊಕದ್ದಮೆ ಹೂಡಿತು. ಔಷಧ ಎಲ್ಲೇ ತಯಾರಾಗಲಿ, ಜಾಹೀರಾತು ಎಲ್ಲಿ ಪ್ರಕಟವಾಯಿತೋ ಆ ರಾಜ್ಯ ಕ್ರಮ ಕೈಗೊಳ್ಳಬಹುದು ಎಂಬುದನ್ನು ಅದು ತೋರಿಸಿಕೊಟ್ಟಿತು. ಕರ್ನಾಟಕಕ್ಕೂ ಆ ಅಧಿಕಾರ ಇದೆ.

ಮೂರನೆಯದು ಓದುಗರಿಗೆ ನೇರವಾಗಿ ತಟ್ಟುವಂಥದ್ದು. ತಪಾಸಣೆ ಅಧಿಕಾರಿಯ ಮೇಜಿನಿಂದ ದೂರುದಾರರ ಕೈಗೆ ಬಂದಿದೆ. ದಾರಿ ತಪ್ಪಿಸುವ ಜಾಹೀರಾತುಗಳ ವಿರುದ್ಧ ದೂರು ಸ್ವೀಕರಿಸುವ ವ್ಯವಸ್ಥೆಯನ್ನು ಎರಡು ತಿಂಗಳೊಳಗೆ ಮಾಡಿ ಎಂದು ಸುಪ್ರೀಂ ಕೋರ್ಟ್ 2025ರ ಮಾರ್ಚ್ 26ರಂದು ರಾಜ್ಯಗಳಿಗೆ ಆದೇಶಿಸಿತ್ತು. ಕೇಂದ್ರ ಮೇ 30ರಂದು ಆಯುಷ್ ಸುರಕ್ಷಾ ಪೋರ್ಟಲ್ ತೆರೆಯಿತು. ಜಾಹೀರಾತಿನ ದೂರನ್ನೂ ಔಷಧದಿಂದಾದ ತೊಂದರೆಯ ವರದಿಯನ್ನೂ ಅಲ್ಲಿ ಸಲ್ಲಿಸಬಹುದು. ದೂರು ಕೊಡುವವರು ಜಾಹೀರಾತಿನ ಪ್ರತಿ ಅಥವಾ ಸ್ಕ್ರೀನ್‌ಶಾಟ್, ಕಂಡ ದಿನಾಂಕ, ಪತ್ರಿಕೆ, ವಾಹಿನಿ ಅಥವಾ ಖಾತೆಯ ಹೆಸರು, ಡಬ್ಬಿಯ ಮೇಲಿನ ಪರವಾನಗಿ ಮತ್ತು ಬ್ಯಾಚ್ ಸಂಖ್ಯೆ ಇಷ್ಟನ್ನು ಜೊತೆಗಿಡಬೇಕು. ತಡಮಾಡುವಂತಿಲ್ಲ: ಒಂದು ವರ್ಷದ ಕಾಲಮಿತಿ ಅಪರಾಧ ನಡೆದ ದಿನದಿಂದಲೇ ಎಣಿಕೆಯಾಗುವುದು ಸಾಮಾನ್ಯ. ಅದರಲ್ಲಿ ಬಹುಭಾಗವನ್ನು ಕಚೇರಿಗಳ ಪತ್ರವ್ಯವಹಾರವೇ ನುಂಗುತ್ತದೆ.